ತೂಕವಿಲ್ಲದವನು

ಹೊಳೆಯ ಮೆಟ್ಟಿಲ ಮೇಲೆ ಕಾವಿ ಬಟ್ಟೆ ಒಣಗುತ್ತಿತ್ತು. ಅದರ ಅಂಚು ಗಾಳಿಗೆ ಹಾರದಂತೆ ವೈದ್ಯನಾಥ ಮೂಲೆಮೂಲೆಗೆ ಕಲ್ಲು ಇಡುತ್ತಿದ್ದ.

ಅವನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ಹೆಂಡತಿ ಕಾತ್ಯಾಯಿನಿಯನ್ನೂ ಮಗಳನ್ನೂ ಊರಲ್ಲಿ ಬಿಟ್ಟು ಆಶ್ರಮಕ್ಕೆ ಬಂದು ಎಂಟು ತಿಂಗಳಾಗಿತ್ತು. ನಾಳೆ ಅವನಿಗೆ ಸಂನ್ಯಾಸ.

ಸಂನ್ಯಾಸ ತೆಗೆದುಕೊಳ್ಳುವವನು ಮೊದಲು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳಬೇಕು. ಅಲ್ಲಿಗೆ ಲೋಕದ ಪಾಲಿಗೆ ಅವನು ಸತ್ತಂತೆ. ಹೆಂಡತಿಯಿದ್ದರೆ ಅವಳು ಒಪ್ಪಿರಬೇಕು. ಅದು ಅಲ್ಲಿಯ ಕಟ್ಟಳೆ.

ಗುರುಗಳು ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತರು.

“ಮನೆಯಾಕೆ ಒಪ್ಪಿದಳೇನಪ್ಪ?”

“ಒಪ್ಪಿದ್ದಾಳೆ ಗುರುಗಳೇ.”

“ಏನಂದಳು?”

“ಏನೂ ಅನ್ನಲಿಲ್ಲ. ಅಡ್ಡಿ ಮಾಡಲಿಲ್ಲ.”

ಗುರುಗಳು ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡರು.

“ಮೊನ್ನೆ ಹುಣ್ಣಿಮೆಯ ದಿನ ಊರವರಿಗೆ ಉಪದೇಶ ಮಾಡಿದೆಯಲ್ಲ, ನನಗೂ ಕೇಳಿಸಿತು. ಸಂನ್ಯಾಸಿಯೆಂದರೆ ಅಂತರಿಕ್ಷಕ್ಕೆ ಹೋದವನ ಹಾಗೆ, ಅವನಿಗೆ ತೂಕವೇ ಇಲ್ಲ ಅಂದೆ. ಜನ ತಲೆದೂಗಿದರು.”

“ತಪ್ಪಾಯಿತೇ?”

“ನನಗೇನು ಗೊತ್ತು? ಎತ್ತಿನ ಗಾಡಿಗಿಂತ ಎತ್ತರ ಹತ್ತಿದವನಲ್ಲ ನಾನು. ನೀನು ಮೇಷ್ಟ್ರು. ನಾಳೆ ಸಾಯುವ ಮುಂಚೆ ನನಗೊಂದು ಪಾಠ ಮಾಡು. ಅವರು ಹೋಗುವುದು ಹೇಗೆ?”

ವೈದ್ಯನಾಥನ ಮುಖ ಅರಳಿತು. ಆಶ್ರಮಕ್ಕೆ ಬಂದ ಮೇಲೆ ಯಾರೂ ಅವನಿಂದ ಪಾಠ ಕೇಳಿರಲಿಲ್ಲ.

“ಬೆಂಕಿಯನ್ನು ಕೆಳಕ್ಕೆ ಉಗುಳುತ್ತಾ ರಾಕೆಟ್ಟು ಮೇಲಕ್ಕೆ ಏಳುತ್ತದೆ ಗುರುಗಳೇ. ಅದರ ಹೊರೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ಇಂಧನ. ಒಂದೊಂದು ಭಾಗ ಖಾಲಿಯಾದ ಹಾಗೆ ಅದನ್ನು ಕಳಚಿ ಬಿಡುತ್ತಾರೆ. ಹೊರೆ ಇಳಿದಷ್ಟೂ ವೇಗ. ನನ್ನದೂ ಹಾಗೆಯೇ ಆಯಿತು. ಮೊದಲು ಕೆಲಸ ಬಿಟ್ಟೆ, ಆಮೇಲೆ ಮನೆ.”

“ಕಳಚಿದ್ದು ಎಲ್ಲಿ ಬೀಳುತ್ತದೆ?”

“ಸಾಮಾನ್ಯವಾಗಿ ಸಮುದ್ರಕ್ಕೆ.”

“ಕೆಳಗೆ ಯಾರಾದರೂ ಇದ್ದರೆ?”

“ಮೊದಲೇ ಎಚ್ಚರಿಸಿರುತ್ತಾರೆ. ಆ ಕಡೆ ದೋಣಿ ಸುಳಿಯದಂತೆ ನೋಡಿಕೊಳ್ಳುತ್ತಾರೆ.”

“ನೀನು ಎಚ್ಚರಿಸಿದ್ದೆಯಾ?”

ವೈದ್ಯನಾಥ ಸರಿಯಾಗಿಯೇ ಇದ್ದ ಕಲ್ಲೊಂದನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟ.

“ಇರಲಿ,” ಎಂದರು ಗುರುಗಳು. “ಮೊದಲು ಹೋದವರು ಯಾರು?”

“ಭೂಮಿಯನ್ನು ಮೊದಲು ಸುತ್ತಿದ ಜೀವ ಒಂದು ನಾಯಿ. ರಷ್ಯಾದವರು ಕಳಿಸಿದ್ದು. ಬೀದಿಯ ಹೆಣ್ಣುನಾಯಿ.”

“ಬೀದಿಯದೇ ಯಾಕೆ?”

“ಹಸಿವು, ಚಳಿ ತಡೆದು ಅಭ್ಯಾಸವಿರುತ್ತದಲ್ಲ, ಅದಕ್ಕೆ.”

“ತಡೆದುಕೊಳ್ಳುವವರನ್ನೇ ಆರಿಸುವುದು. ಹೂಂ. ತಿರುಗಿ ಬಂತೆ?”

“ಇಲ್ಲ. ತಿರುಗಿ ಕರೆತರುವ ಏರ್ಪಾಡೇ ಇರಲಿಲ್ಲ. ಕಳಿಸುವಾಗಲೇ ಅವರಿಗೆ ಗೊತ್ತಿತ್ತು. ಹೊರಡುವ ಮೊದಲು ಅವರಲ್ಲೊಬ್ಬರು ಅದನ್ನು ಮನೆಗೆ ಕರೆದುಕೊಂಡು ಹೋಗಿ ಮಕ್ಕಳ ಜೊತೆ ಆಡಲು ಬಿಟ್ಟರಂತೆ. ಮೇಲೆ ಹೋದ ಕೆಲವೇ ಗಂಟೆಯಲ್ಲಿ ಅದು ಸೆಕೆಗೆ ಸತ್ತಿತು. ದಿನಗಟ್ಟಲೆ ಬದುಕಿತ್ತು ಅಂತ ಲೋಕಕ್ಕೆ ಹೇಳಿದರು. ನಿಜ ಹೊರಬರಲು ನಲವತ್ತು ವರ್ಷದ ಮೇಲೆ ಹಿಡಿಯಿತು.”

“ಆ ನಾಯಿ ಒಪ್ಪಿತ್ತೆ?”

ವೈದ್ಯನಾಥ ನಕ್ಕ. “ನಾಯಿಯ ಒಪ್ಪಿಗೆ ಯಾರು ಕೇಳುತ್ತಾರೆ ಗುರುಗಳೇ?”

“ಬೊಗಳಿತೆ?”

“ಇಲ್ಲ. ಬಹಳ ಸಾಧು ಅಂತೆ. ಸುಮ್ಮನೆ ಕೂತಿತ್ತಂತೆ.”

“ಅಡ್ಡಿ ಮಾಡಲಿಲ್ಲ,” ಎಂದರು ಗುರುಗಳು.

ವೈದ್ಯನಾಥನ ನಗು ಅಲ್ಲಿಗೇ ನಿಂತಿತು.

“ಹೇಳಪ್ಪ, ಪಾಠ ನಿಲ್ಲಿಸಬೇಡ. ಆಮೇಲೆ ಮನುಷ್ಯರೂ ಹೋದರಲ್ಲ?”

“ಮೂರೂವರೆ ವರ್ಷದ ಮೇಲೆ ಒಬ್ಬ ಹೋದ. ಅದೇ ದೇಶದವನು. ಎರಡು ಗಂಟೆಯೊಳಗೆ ಭೂಮಿಗೆ ಒಂದು ಸುತ್ತು ಹಾಕಿ, ಪ್ಯಾರಾಚೂಟಿನಲ್ಲಿ ಒಂದು ಹೊಲದ ಹತ್ತಿರ ಇಳಿದ. ಅಲ್ಲಿ ಒಬ್ಬ ಅಜ್ಜಿ, ಅವಳ ಮೊಮ್ಮಗಳು ಆಲೂಗಡ್ಡೆ ನೆಡುತ್ತಿದ್ದರಂತೆ. ಅವನ ಕಿತ್ತಳೆ ಬಣ್ಣದ ಉಡುಪು ನೋಡಿ ಹೆದರಿ ಹಿಂದೆ ಸರಿದರಂತೆ.”

“ಅವನೇನಂದ?”

“ಹೆದರಬೇಡಿ, ನಾನೂ ನಿಮ್ಮವನೇ ಅಂದನಂತೆ.”

ಗುರುಗಳಿಗೆ ನಗು ಬಂತು. ನಗುತ್ತಾ ಕೆಮ್ಮಿದರು. “ಆಕಾಶ ಸುತ್ತಿ ಬಂದವನಿಗೆ ಹೇಳಿಕೊಳ್ಳಬೇಕಾಗಿ ಬಂದ ಮಾತು ಅದೋ!” ಆಮೇಲೆ ಒಣಗುತ್ತಿದ್ದ ಬಟ್ಟೆಯ ಕಡೆ ತಿರುಗಿದರು. “ಕಿತ್ತಳೆ ಬಣ್ಣ ಅಂದೆಯಲ್ಲ, ಹೆಚ್ಚುಕಡಿಮೆ ಇದರ ಹಾಗೆಯೇ ಏನು?”

ವೈದ್ಯನಾಥ ಬಟ್ಟೆಯ ಅಂಚಿನ ಸುಕ್ಕು ಬಿಡಿಸಿದ.

“ಚಂದ್ರನ ಮೇಲೂ ನಡೆದಾಡಿದರಂತಲ್ಲ?”

“ಅದು ಅಮೆರಿಕದವರು. ಮೂವರು ಹೋದರು, ಇಬ್ಬರು ಇಳಿದರು. ಮೂರನೆಯವನು ಮೇಲೆಯೇ ಒಬ್ಬನೇ ಸುತ್ತುತ್ತಿದ್ದ. ಚಂದ್ರನ ಆಚೆ ಮಗ್ಗುಲಿಗೆ ಹೋದಾಗಲೆಲ್ಲ ಅವನಿಗೆ ಭೂಮಿಯ ಒಂದು ಮಾತೂ ಕೇಳಿಸುತ್ತಿರಲಿಲ್ಲ.”

“ಅವನು ಯಾಕೆ ಇಳಿಯಲಿಲ್ಲ?”

“ತಿರುಗಿ ಹೋಗುವ ವಾಹನವನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ.”

“ಅವನ ಹೆಸರು ಮಕ್ಕಳಿಗೆ ಹೇಳಿಕೊಡುತ್ತಿದ್ದೆಯಾ?”

“ಇಳಿದವರದ್ದು ಹೇಳಿಕೊಡುತ್ತಿದ್ದೆ.”

“ಮನೆ ನೋಡಿಕೊಳ್ಳುವವರ ಪಾಡು ಎಲ್ಲ ಕಡೆಯೂ ಅಷ್ಟೇ ಅನ್ನು.” ಗುರುಗಳು ಕೋಲನ್ನು ಪಕ್ಕಕ್ಕಿಟ್ಟರು. “ಈಗ ತೂಕದ ವಿಷಯಕ್ಕೆ ಬಾ. ಅಷ್ಟು ಮೇಲೆ ಹೋದ ಮೇಲೆ ಭೂಮಿ ಎಳೆಯುವುದಿಲ್ಲವೇ?”

“ಎಳೆಯುತ್ತದೆ. ಭೂಮಿಯನ್ನು ಸುತ್ತುವವರ ಎತ್ತರದಲ್ಲಿ ಅದರ ಸೆಳೆತ ಇಲ್ಲಿಗಿಂತ ಸ್ವಲ್ಪವೇ ಕಡಿಮೆ.”

“ಮತ್ತೆ ತೇಲುವುದು ಹೇಗೆ?”

“ನಿಜ ಹೇಳಬೇಕೆಂದರೆ ಅವರು ತೇಲುವುದಿಲ್ಲ ಗುರುಗಳೇ. ಬೀಳುತ್ತಿರುತ್ತಾರೆ. ಆದರೆ ಪಕ್ಕಕ್ಕೆ ಎಷ್ಟು ವೇಗವಾಗಿ ಸಾಗುತ್ತಿರುತ್ತಾರೆಂದರೆ, ಅವರು ಬೀಳುವಷ್ಟರಲ್ಲಿ ಗುಂಡಗಿರುವ ನೆಲವೂ ಬಾಗಿ ಕೆಳಗೆ ಸರಿದಿರುತ್ತದೆ. ಕೋಣೆಯೂ ಬೀಳುತ್ತಿದೆ, ಒಳಗಿರುವವನೂ ಬೀಳುತ್ತಿದ್ದಾನೆ. ಹಾಗಾಗಿ ಕಾಲಿಗೆ ಏನೂ ಒತ್ತುವುದಿಲ್ಲ. ಅದನ್ನೇ ತೂಕವಿಲ್ಲ ಅನ್ನುವುದು.”

ತಾನು ಹೇಳಿದ್ದು ಆಗ ತಾನೇ ತನ್ನ ಕಿವಿಗೆ ಬಿದ್ದಂತೆ ಅವನು ತಡೆದ.

“ಬೀಳುತ್ತಿರುವವನಿಗೆ ಹಗುರ ಅನಿಸುತ್ತದೆ,” ಎಂದರು ಗುರುಗಳು. “ಇದನ್ನು ಊರವರಿಗೆ ಹೇಳಲಿಲ್ಲ ನೀನು.”

“ಹೇಳಲಿಲ್ಲ.”

“ತಿರುಗಿ ಬಂದವರ ಗತಿ?”

“ಬಹಳ ದಿನ ಇದ್ದು ಬಂದರೆ ಮೂಳೆ ಸವೆದಿರುತ್ತದೆ, ಮಾಂಸಖಂಡ ಕರಗಿರುತ್ತದೆ. ಎದ್ದು ನಿಲ್ಲುವುದು ಕಷ್ಟ. ಅವರ ಕೈಯೇ ಅವರಿಗೆ ಭಾರ. ಇಳಿಯುವ ಕಡೆ ಜನ ಮೊದಲೇ ಕಾದಿದ್ದು, ಎತ್ತಿ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಾರೆ.”

“ಎಲ್ಲರೂ ಬಂದು ಇಳಿಯುತ್ತಾರೋ?”

“ಇಲ್ಲ. ಒಂದು ಸಲ ಏಳು ಜನ ಹೋಗಿದ್ದರು. ನಮ್ಮ ದೇಶದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳೂ ಅವರಲ್ಲಿದ್ದಳು. ಹೊರಡುವಾಗ ನೊರೆಯಂಥ ಹಗುರ ವಸ್ತುವಿನ ಒಂದು ತುಂಡು ಕಿತ್ತುಬಂದು ರೆಕ್ಕೆಗೆ ಬಡಿದು ತೂತು ಮಾಡಿತು. ಮೇಲಿದ್ದಷ್ಟು ದಿನ ಎಲ್ಲ ಸರಿಯಾಗಿತ್ತು. ಇಳಿಯುವಾಗ ಗಾಳಿಯೊಳಗೆ ನುಗ್ಗಬೇಕಲ್ಲ, ಆಗ ಹುಟ್ಟಿದ ಉರಿ ಆ ತೂತಿನಿಂದ ಒಳಹೊಕ್ಕಿತು. ಒಬ್ಬರೂ ಉಳಿಯಲಿಲ್ಲ.”

“ಹೋಗುವಾಗ ಬಿದ್ದ ಪೆಟ್ಟು.”

“ಹೌದು.”

“ಮೇಲಿದ್ದಾಗ ನೋಯಲಿಲ್ಲ.”

“ಇಲ್ಲ ಗುರುಗಳೇ.”

ಗುರುಗಳು ಕೋಲೂರಿ ಎದ್ದರು. “ನಿನ್ನ ಮನೆಯಾಕೆಗೆ ಹೇಳಿಕಳಿಸಿದ್ದೇನೆ. ನಾಳೆ ಮೊದಲ ಬಸ್ಸಿಗೆ ಬರುತ್ತಾಳೆ. ಅವಳ ಒಪ್ಪಿಗೆ ನನ್ನ ಕಿವಿಗೂ ಬೀಳಲಿ.”

ಬೆಳಿಗ್ಗೆ ಕಾತ್ಯಾಯಿನಿ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಗುರುಗಳಿಗೆ ನಮಸ್ಕಾರ ಮಾಡಿ ಕೆಳಗಿನ ಮೆಟ್ಟಿಲಲ್ಲಿ ಕುಳಿತಳು. ಗಂಡನ ಕಡೆ ನೋಡಲಿಲ್ಲ.

“ತಾಯಿ, ಇವನು ಹೊರಟಾಗ ನೀನು ಒಪ್ಪಿದ್ದೆಯಾ?”

“ಇವರು ಕೇಳಿದಾಗ ನಾನು ದೋಸೆ ಹುಯ್ತಿದ್ದೆ ಗುರುಗಳೇ. ‘ನನಗೆ ಹಗುರ ಆಗಬೇಕು, ಹೊರಡ್ತೀನಿ, ನಿನ್ನದೇನೂ ಅಡ್ಡಿಯಿಲ್ಲ ತಾನೆ’ ಅಂದರು. ನಾನು ದೋಸೆ ಮಗುಚಿ ಹಾಕಿದೆ. ಅದನ್ನೇ ಒಪ್ಪಿಗೆ ಅಂದುಕೊಂಡರು. ಆಮೇಲೆ ಕೂತು ನಾಲ್ಕು ದೋಸೆ ತಿಂದು ಹೋದರು.”

“ಬೇಡ ಅನ್ನಬಹುದಿತ್ತಲ್ಲ?”

“ಅಂದಿದ್ದರೆ ಉಳೀತಿದ್ದರು. ಉಳಿದು, ದಿನಾ ನನ್ನ ಮುಖ ನೋಡಿ ನಿಟ್ಟುಸಿರು ಬಿಡ್ತಿದ್ದರು. ಅದಕ್ಕೇ ಸುಮ್ಮನಾದೆ.”

ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಈ ಸಲ ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಯಾರೂ ನನ್ನ ಕರೀಲಿಲ್ಲ. ಕರೆಯೋದೋ ಬಿಡೋದೋ ಅವರಿಗೇ ಗೊತ್ತಾಗಲಿಲ್ಲ, ಪಾಪ. ಇವತ್ತು ಇವರು ತಮ್ಮ ಶ್ರಾದ್ಧ ತಾವೇ ಮಾಡ್ಕೊಂಡ್ರೆ, ನನ್ನ ಹಣೆಯ ಕುಂಕುಮ ಏನು ಮಾಡ್ಲಿ? ಇಟ್ಕೊಳ್ಳಲೋ, ಒರೆಸ್ಕೊಳ್ಳಲೋ? ನೀವು ದೊಡ್ಡವರು, ಹೇಳಿ.”

ಗುರುಗಳು ತಲೆ ತಗ್ಗಿಸಿದರು.

ವೈದ್ಯನಾಥ ಎರಡು ಮೆಟ್ಟಿಲು ಇಳಿದು ಬಂದ. “ಕಾತ್ಯಾಯಿನಿ, ನನಗೆ ಸಂನ್ಯಾಸ ಬೇಡ. ಮನೆಗೆ ಬರ್ತೀನಿ.”

ಆಗ ಅವಳು ಅವನನ್ನು ನೋಡಿದಳು. ಗಡ್ಡವನ್ನು ನೋಡಿದಳು, ಬರಿಗಾಲನ್ನು ನೋಡಿದಳು.

“ಯಾವ ಮನೆಗೆ?”

“ಹಾಗನ್ನಬೇಡ. ನಾನು ನಿಮ್ಮವನೇ.”

“ಮಗಳಿಗೆ ನೀವು ಹೇಳ್ತಿದ್ದ ಕಥೆಯವನ ಹಾಗೆ ಆಕಾಶದಿಂದ ಬಿದ್ದವರು ಹಾಗಂದರೆ ನಂಬಬಹುದೇನೋ. ನೀವು ಬಸ್ಸು ಹತ್ತಿ ಹೋದವರು.”

“ಮಗಳಿಗಾದರೂ...”

“ಮೊದಮೊದಲು ಊಟದ ಹೊತ್ತಿಗೆ ನಿಮಗೂ ತಟ್ಟೆ ಹಾಕ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಒಂದು ದಿನ ಅವಳೇ ಸ್ಟೂಲು ಎಳಕೊಂಡು ಹತ್ತಿ ಆ ತಟ್ಟೆ ಅಟ್ಟದ ಮೇಲಿಟ್ಟು ಬಂದಳು. ಅಳಲಿಲ್ಲ. ಅದನ್ನ ಇಳಿಸಮ್ಮ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ನಿಮಗೆ ಮತ್ತೆ ಯಾವತ್ತು ಹಗುರ ಆಗಬೇಕು ಅನಿಸುತ್ತೋ.”

ವೈದ್ಯನಾಥ ಕೈಮುಗಿದ. ಅವಳು ಮುಖ ತಿರುಗಿಸಿಕೊಂಡಳು.

“ಗುರುಗಳೇ, ಒಪ್ಪಿಗೆ ಬೇಕು ಅಂದಿರಲ್ಲ. ಅವತ್ತು ಕೊಟ್ಟಿರಲಿಲ್ಲ. ಇವತ್ತು ಕೊಟ್ಟಿದ್ದೀನಿ. ಕೇಳಿಸಿತಲ್ಲ?”

“ಕೇಳಿಸಿತು ತಾಯಿ. ಊಟ ಮಾಡಿಕೊಂಡು ಹೋಗು.”

“ಶ್ರಾದ್ಧದ ಊಟ ಬೇಡ ಗುರುಗಳೇ.”

ಚೀಲದಿಂದ ಒಂದು ಕನ್ನಡಕ ತೆಗೆದು ಗಂಡನ ಪಕ್ಕದಲ್ಲಿ ಕಲ್ಲಿನ ಮೇಲಿಟ್ಟಳು. “ಮರೆತು ಬಂದಿದ್ದಿರಿ. ಓದೋಕೆ ಬೇಕಾಗುತ್ತೆ.”

ಅವಳು ಮೆಟ್ಟಿಲು ಹತ್ತಿ ಹೋದಳು. ರಸ್ತೆಯ ಕಡೆಯಿಂದ ಬಸ್ಸಿನ ಸದ್ದು ಬಂತು, ನಿಂತಿತು, ಮತ್ತೆ ಹೊರಟಿತು.

ಗುರುಗಳು ಕಲ್ಲುಗಳನ್ನು ಒಂದೊಂದಾಗಿ ಸರಿಸಿ ಕಾವಿ ಬಟ್ಟೆಯನ್ನು ಎತ್ತಿಕೊಂಡರು. ಕೊಡವಿ, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡರು.

“ಅವಳು ಒಪ್ಪಿದಳಲ್ಲ ಗುರುಗಳೇ,” ಎಂದ ವೈದ್ಯನಾಥ.

“ಒಪ್ಪಿದಳು. ನೀನು ಈಗ ತಾನೇ ಬೇಡ ಅಂದೆ. ಹೋಗುವ ಮನಸ್ಸಿಲ್ಲದವನಿಗೆ ನಾನು ಇದನ್ನು ಉಡಿಸುವುದಿಲ್ಲ.”

“ಹಾಗಾದರೆ ನನಗೆ ಮನೆಯೂ ಇಲ್ಲ, ಆಶ್ರಮವೂ ಇಲ್ಲ.”

ಗುರುಗಳು ಒಂದು ಮೆಟ್ಟಿಲು ಹತ್ತಿದರು.

ವೈದ್ಯನಾಥ ಅವರ ಹಿಂದೆ ಹೋಗಲು ಕಲ್ಲಿಗೆ ಕೈಯೂರಿದ. ಅಲ್ಲಿಯೇ ಕುಸಿದು ಕುಳಿತ.

“ಏಳಲಾಗುತ್ತಿಲ್ಲ ಗುರುಗಳೇ. ಮೈಯೆಲ್ಲ ಭಾರ.”

ಗುರುಗಳು ತಿರುಗಿ ನೋಡಿದರು.

“ನೆಲ ಮುಟ್ಟಿದ್ದೀಯಪ್ಪ. ಎತ್ತಿಕೊಳ್ಳುವವರು ಬರುವುದಿಲ್ಲ.”