ಚಿಟ್ಟಿಯಪ್ಪನ ಅಳತೆಯ ಕೋವಿ

ಕೇಳುವವರು ಹತ್ತಿರ ಬನ್ನಿ, ನಂಬದವರು ಅಲ್ಲೇ ದೂರ ಕೂತು ಕೇಳಿ. ಕತೆಗೇನೂ ಬೇಸರವಿಲ್ಲ.

ಕೊಡಗಿನ ಒಂದು ಊರಲ್ಲಿ ಬೊಳ್ಳವ್ವ ಅಂತ ಒಬ್ಬಳು ಹೆಂಗಸು. ಗಂಡ ಸತ್ತು ಆರು ವರ್ಷ. ಒಬ್ಬನೇ ಮಗ, ಚಿಟ್ಟಿಯಪ್ಪ. ಮೀಸೆ ಬಂದಿತ್ತು, ಬುದ್ಧಿ ದಾರಿಯಲ್ಲೇ ಎಲ್ಲೋ ಕೂತು ಸುಧಾರಿಸಿಕೊಳ್ಳುತ್ತಿತ್ತು. ಹಾಲು ಉಕ್ಕುತ್ತದಾ ನೋಡು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡಿ, "ಉಕ್ಕಿತು ಅವ್ವ, ಚೆನ್ನಾಗಿ ಉಕ್ಕಿತು" ಅಂತ ಬಂದು ಹೇಳುವ ಜಾತಿ. ಬೊಳ್ಳವ್ವ ಬೈಯುವಳು, ತಲೆ ಚಚ್ಚಿಕೊಳ್ಳುವಳು, ಹೊಸ ಬುದ್ಧಿ ಹೇಳುವಳು. ಅವನು ಹೂಂ ಅನ್ನುವನು. ಆ ಹೂಂ ಕೇಳಿದರೇ ಅವಳ ಮೈ ಉರಿಯುತ್ತಿತ್ತು.

ಮನೆಯ ಗೋಡೆಯ ಮೇಲೆ ಗಂಡನ ಕೋವಿ ಇತ್ತು. ಜೋಡಿ ನಳಿಗೆಯದು. ಅದು ಎಂಥ ಕೋವಿ ಅಂತೀರಿ? ಇಲ್ಲಿ ಹೊಡೆದರೆ ಮೂರು ಬೆಟ್ಟದಾಚೆ ಹಸು ಕಟ್ಟಿದ ಹಗ್ಗ ಹರಿದುಕೊಂಡು ಓಡಬೇಕು. ಸದ್ದಿಗೆ ಹೆದರಿ ಹಂದಿ ತಾನೇ ಬಂದು ಅಂಗಳದಲ್ಲಿ ಮಲಗಬೇಕು. ಕೊಡವರ ಮನೆಗೆ ಕೋವಿ ಅಂದರೆ ಬರೀ ಕಬ್ಬಿಣವಲ್ಲ. ಕೈಲು ಮುಹೂರ್ತದ ಹಬ್ಬದ ದಿನ ಅದಕ್ಕೆ ಗಂಧ ಹಚ್ಚಿ, ನಳಿಗೆಗೆ ಕೋವಿ ಹೂ ಸಿಕ್ಕಿಸಿ, ಪೂಜೆ ಮಾಡಿ, ಊರ ಬಯಲಿಗೆ ಹೋಗಬೇಕು. ಅಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿರುತ್ತಾರೆ. ಮನೆಗೊಬ್ಬ ನಿಂತು ಹೊಡೆಯಬೇಕು.

ಬೊಳ್ಳವ್ವನ ಮನೆಗೆ ನಿಲ್ಲುವವರು ಯಾರು? ಗಂಡ ಸತ್ತ ಮೇಲೆ ಮೈದುನ ಕುಟ್ಟಯ್ಯ ಬಂದು ಆ ಕೋವಿ ಇಳಿಸಿಕೊಂಡು ಹೋಗುವನು, ಹೊಡೆಯುವನು, ಮೀಸೆ ತಿರುವುತ್ತಾ ತಂದಿಡುವನು. ಹೋದ ಹಬ್ಬದಲ್ಲಿ ಎಲ್ಲರೆದುರು ಅಂದ, "ಅತ್ತಿಗೆ, ಈ ಕೋವಿ ಗೋಡೆ ಮೇಲೆ ತುಕ್ಕು ತಿನ್ನುವುದೇಕೆ, ನನ್ನ ಮನೆಯಲ್ಲೇ ಇರಲಿ. ನಿಮ್ಮ ಮಗನ ಕೈಗೆ ಸೌಟು ಕೊಡಿ, ಸಾಕು."

ಬೊಳ್ಳವ್ವನಿಗೆ ಸಿಟ್ಟು ನೆತ್ತಿಗೇರಿತು. "ಕುಟ್ಟಯ್ಯ, ಬರುವ ಹಬ್ಬಕ್ಕೆ ನನ್ನ ಮಗ ತನ್ನದೇ ಕೋವಿಯಲ್ಲಿ ಕಾಯಿ ಹೊಡೆಯುತ್ತಾನೆ. ಹೊಡೆದರೆ ನನ್ನ ಗಂಡನ ಕೋವಿಯನ್ನು ನೀನು ಇನ್ನು ಮುಟ್ಟಬಾರದು. ಹೊಡೆಯದಿದ್ದರೆ ಎತ್ತಿಕೊಂಡು ಹೋಗು, ಮತ್ತೆ ಕೇಳುವುದಿಲ್ಲ."

ಊರ ತಕ್ಕ ಮೊಣ್ಣಪ್ಪ, ಊರಿಗೆ ಹಿರಿಯ, "ಮಾತು ಮಾತೇ" ಅಂದ. ಅಲ್ಲಿಗೆ ಮುಗಿಯಿತು.

ಬರುವ ಹಬ್ಬ ಹತ್ತಿರವಾದಾಗ, ಕೈ ಪಳಗಲಿ ಅಂತ ಮಗನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಗಂಡನ ಕೋವಿ ಕೊಟ್ಟು ನೋಡಿದಳು. ಚಿಟ್ಟಿ ಕೋವಿಯ ಕುದುರೆಗೆ ಬೆರಳು ಹಾಕಿ ಎಳೆದ. ಗುಂಡು ಮುಂದೆ ಹೋಯಿತು, ಚಿಟ್ಟಿ ಹಿಂದೆ ಹೋದ. ಎಲ್ಲಿಗೆ ಹೋದ ಅಂದರೆ, ಗೊಬ್ಬರದ ಗುಂಡಿಗೆ. ಕಾಲು ಮಾತ್ರ ಕಾಣುತ್ತಿತ್ತು.

ಬೊಳ್ಳವ್ವ ಕಾಲು ಹಿಡಿದು ಎಳೆದಳು. "ಇದು ನಿನ್ನ ಮೈಗೆ ಹೊಂದುವುದಿಲ್ಲ ಕಣೋ. ಪೇಟೆಯ ಹಸನಾರ್ ಕಾಕನ ಹತ್ತಿರ ಹೋಗು. ಹಸು ಕೊಟ್ಟಿದ್ದೇನೆ ಅವರಿಗೆ, ಬೇಕಾದ ಕೋವಿ ಆರಿಸಿಕೋ ಅಂದಿದ್ದಾರೆ. ನಿನ್ನ ಅಳತೆಗೆ ಸರಿಯಾದದ್ದು ನೋಡಿ ತಾ."

"ಹೂಂ ಅವ್ವ."

ಹಸನಾರ್ ಕಾಕ ಕೋವಿ ರಿಪೇರಿ ಮಾಡುವವನು. ಅಂಗಡಿಯ ಗೋಡೆಗೆ ಕೋವಿಗಳನ್ನು ಸಾಲಾಗಿ ಒರಗಿಸಿದ್ದ. ಚಿಟ್ಟಿ ಒಂದೊಂದರ ಪಕ್ಕದಲ್ಲೂ ಬೆನ್ನು ತಾಗಿಸಿ ನಿಂತ. ತಲೆಯ ಮೇಲೆ ಅಂಗೈ ಇಟ್ಟು ಅಳೆದ. ಕಾಕ ಊಟಕ್ಕೆ ಎದ್ದಿದ್ದ ಹೊತ್ತು. ಮೂಲೆಯಲ್ಲಿ ತಾತನ ಕಾಲದ, ನಳಿಗೆಯ ಬಾಯಿಂದ ಮದ್ದು ಜಡಿಯುವ ಉದ್ದನೆಯ ಕೋವಿ ಒಂದಿತ್ತು. ಅಂಗಾಲಿನಿಂದ ನೆತ್ತಿಗೆ ಸರೀ ಚಿಟ್ಟಿಯಷ್ಟೇ ಎತ್ತರ. ಅದನ್ನು ಹೊತ್ತುಕೊಂಡು ಬಂದ. ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡು ಒಳಗೆ ಬರಲಾರದೆ ನಿಂತ.

"ಇದೆಂತದೋ?"

"ನನ್ನ ಅಳತೆ ಅವ್ವ. ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ. ಬೇಕಾದರೆ ನೋಡು."

ನೋಡು ಅಂತ ಅದರ ಪಕ್ಕದಲ್ಲಿ ನಿಂತು ತೋರಿಸಿದ. ಬೊಳ್ಳವ್ವ ಪೊರಕೆ ತೆಗೆದುಕೊಂಡಳು. "ನಿನ್ನನ್ನು ಹೂಳುವುದಕ್ಕೆ ಅಳತೆ ತಂದೆಯೇನೋ ದಡ್ಡ ಮುಂಡೇದೆ. ಕೋವಿಯನ್ನು ಎತ್ತರಕ್ಕೆ ಅಳೆಯುತ್ತಾರಾ? ಹೆಗಲಿಗೆ ಇಟ್ಟು ನೋಡಬೇಕು. ಕೆನ್ನೆಗೆ ತಾಗಿಸಿ ನೋಡಬೇಕು. ಕೈಗೆ ಹಗುರ ಇರಬೇಕು. ಭಾರ ಇದ್ದದ್ದೆಲ್ಲ ಅಲ್ಲೇ ಬಿಟ್ಟು ಬಾ."

"ಹೂಂ ಅವ್ವ."

ಮಾರನೆಯ ದಿನ ಹೋದ. ಹೆಗಲಿಗೆ ಇಟ್ಟ, ಕೆನ್ನೆಗೆ ತಾಗಿಸಿದ. ಹಗುರ ಬೇಕು ಕಾಕ, ಇನ್ನೂ ಹಗುರ ಬೇಕು ಅಂದ. ಕಾಕ ಸಣ್ಣ ಕೋವಿ ಕೊಟ್ಟ. ಇನ್ನೂ ಹಗುರ. ಅದಕ್ಕಿಂತ ಸಣ್ಣದು ಕೊಟ್ಟ. ಇನ್ನೂ ಹಗುರ. "ನನ್ನ ಹತ್ತಿರ ಇದಕ್ಕಿಂತ ಹಗುರದ್ದು ಇಲ್ಲ ಮಾರಾಯ, ಭಾರ ಇರುವುದೆಲ್ಲ ಆ ನಳಿಗೆ" ಅಂದು ಕಾಕ ನಮಾಜಿಗೆ ಹೋದ. ಬರುವಷ್ಟರಲ್ಲಿ ಚಿಟ್ಟಿ ಇಲ್ಲ. ನಳಿಗೆ ಮಾತ್ರ ಮೇಜಿನ ಮೇಲೆ ಬಿದ್ದಿದೆ.

ಚಿಟ್ಟಿ ಮನೆಗೆ ಬಂದು ಹೆಗಲಿಗೆ ಇಟ್ಟು ತೋರಿಸಿದ. ಬರೀ ಮರದ ಹಿಡಿ.

"ನಳಿಗೆ ಎಲ್ಲೋ?"

"ಭಾರ ಇತ್ತು. ಬಿಟ್ಟು ಬಂದೆ. ನೀನೇ ಹೇಳಿದೆಯಲ್ಲ. ಈಗ ನೋಡು ಅವ್ವ, ಒಂದು ಬೆರಳಲ್ಲಿ ಎತ್ತುತ್ತೇನೆ."

ಎತ್ತಿಯೂ ತೋರಿಸಿದ. ಬೊಳ್ಳವ್ವ ಅದನ್ನೇ ಕಿತ್ತುಕೊಂಡು ಬೆನ್ನಿಗೆ ಎರಡು ಬಿಟ್ಟಳು. ಹಗುರ ಇದ್ದದ್ದರಿಂದ ಹೊಡೆಯುವುದಕ್ಕೂ ಅನುಕೂಲವಾಯಿತು. "ನಳಿಗೆಯಿಲ್ಲದೆ ಗುಂಡು ಎಲ್ಲಿಂದ ಹೊರಡುತ್ತದೋ, ನಿನ್ನ ಮೂಗಿಂದಲಾ? ಮೊದಲ ಕೋವಿ ಅಂದರೆ ಹೇಗಿರಬೇಕು ಅಂತ ಕಾಕನನ್ನೇ ಕೇಳು. ಅವರು ಕೊಟ್ಟದ್ದನ್ನು ಇಡಿಯಾಗಿ ತಾ. ಹೊಡೆದು ನೋಡದೆ ಮಾತ್ರ ಮನೆ ಒಳಗೆ ತರಬೇಡ, ತಿಳಿಯಿತಾ?"

"ಹೂಂ ಅವ್ವ."

ಈ ಸಲ ಕಾಕ ಅವನನ್ನು ಕೂರಿಸಿ ತಾನೇ ಆರಿಸಿದ. ತೋಳಿನ ಉದ್ದ ನೋಡಿದ, ಕುತ್ತಿಗೆ ನೋಡಿದ. ಒಂಟಿ ನಳಿಗೆಯ, ಸಣ್ಣ ಗುಂಡಿನ ರೈಫಲ್ ಒಂದನ್ನು ಒರಸಿ ಕೈಗಿಟ್ಟ. "ಮೊದಲ ಕೋವಿ ಒದೆಯಬಾರದು ಚಿಟ್ಟಿ. ಒದೆ ತಿಂದವನು ಆಮೇಲೆ ಕಣ್ಣು ಮುಚ್ಚಿಕೊಂಡೇ ಹೊಡೆಯುತ್ತಾನೆ. ಇದು ಒದೆಯುವುದಿಲ್ಲ. ಇದು ನಿನ್ನದು."

ನಿಜಕ್ಕೂ ಅವನಿಗಾಗಿಯೇ ಮಾಡಿದಂಥ ಕೋವಿ. ಚಿಟ್ಟಿ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. ಹೊಸಿಲ ತನಕ ಬಂದ. ಕಾಲು ಎತ್ತಿದ. ಎತ್ತಿದ ಕಾಲು ಹಾಗೇ ನಿಂತಿತು. ಹೊಡೆದು ನೋಡದೆ ಒಳಗೆ ತರಬೇಡ ಅಂದಿದ್ದಾಳಲ್ಲ ಅವ್ವ. ಅಂಗಳಕ್ಕೆ ಇಳಿದು ಆಕಾಶಕ್ಕೆ ಒಂದು ಗುಂಡು ಹೊಡೆದ.

ಕೊಡಗಿನಲ್ಲಿ ಮನೆಯ ಅಂಗಳದಲ್ಲಿ ಒಂದು ಗುಂಡು ಕೇಳಿಸಿತು ಅಂದರೆ ಅರ್ಥ ಒಂದೇ. ಆ ಮನೆಯಲ್ಲಿ ಗಂಡು ಮಗು ಹುಟ್ಟಿದೆ.

ಬೊಳ್ಳವ್ವ ಒಳಗೆ ಹಿಟ್ಟು ಬೇಯಿಸುತ್ತಿದ್ದಳು. ಹೊರಗೆ ಗುಜುಗುಜು ಅಂತ ಸದ್ದು. ಬಂದು ನೋಡಿದರೆ ಅಂಗಳದ ತುಂಬ ಹೆಂಗಸರು. ಪಕ್ಕದ ಮನೆಯ ಚೋಂದವ್ವ ಬೆಳ್ಳುಳ್ಳಿ ಬೆಲ್ಲ ತಂದಿದ್ದಾಳೆ. ಮತ್ತೊಬ್ಬಳು ಬಾಣಂತಿಗೆ ಅಂತ ಕೋಳಿ ಹಿಡಿದುಕೊಂಡು ಬಂದಿದ್ದಾಳೆ. ಎಲ್ಲರೂ ಬೊಳ್ಳವ್ವನ ಹೊಟ್ಟೆ ನೋಡುತ್ತಾರೆ, ಮುಖ ನೋಡುತ್ತಾರೆ, ಮತ್ತೆ ಹೊಟ್ಟೆ ನೋಡುತ್ತಾರೆ.

ಹಿಂದಿನಿಂದ ಕುಟ್ಟಯ್ಯ ಕೆಮ್ಮಿದ. "ಅತ್ತಿಗೆ, ತಪ್ಪು ತಿಳಿಯಬೇಡಿ. ಅಣ್ಣ ಹೋಗಿ ಆರು ವರ್ಷ ಆಯಿತಲ್ಲ, ಲೆಕ್ಕ ಸಿಕ್ಕುತ್ತಿಲ್ಲ."

ಕೋಳಿ ತಂದವಳು ಕೋಳಿಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಚೋಂದವ್ವ ಮೆಲ್ಲಗೆ ಅಂದಳು, "ಮಗು ಯಾರ ಹಾಗಿದೆ ಬೊಳ್ಳವ್ವ?"

ಬೊಳ್ಳವ್ವ ಒಳಗೆ ಹೋಗಿ ಕುದಿಯುವ ನೀರಿನ ಪಾತ್ರೆಯನ್ನೇ ಎತ್ತಿಕೊಂಡು ಹೊರಗೆ ಬಂದಳು. ಅಂಗಳ ಖಾಲಿಯಾಯಿತು. ಚಿಟ್ಟಿ ಉಳಿದ.

"ನನ್ನ ಮಾನ ಬೇಲಿ ಮೇಲೆ ಒಣಹಾಕಿದೆಯಲ್ಲೋ ಪಾಪಿ. ಅಂಗಳದಲ್ಲಿ ಒಂದು ಗುಂಡು ಹೊಡೆದರೆ ಎಂತದು ಅಂತ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಭ್ಯಾಸ ಮಾಡು, ಬೇಡ ಅನ್ನಲ್ಲ. ಆದರೆ ಇನ್ನೊಂದು ಸಲ ಈ ಅಂಗಳದಲ್ಲಿ ಒಂದು ಗುಂಡಿನ ಸದ್ದು ಕೇಳಿಸಿತೋ, ನಿನ್ನ ಚರ್ಮ ಸುಲಿಯುತ್ತೇನೆ."

"ಹೂಂ ಅವ್ವ."

ಮರುದಿನ ಬೆಳಿಗ್ಗೆ ಬೊಳ್ಳವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಚಿಟ್ಟಿ ಅಂಗಳದಲ್ಲಿ ನಿಂತ. ಒಂದು ಗುಂಡು ಹೊಡೆಯಬಾರದು. ಸರಿ. ಒಂದು ಹೊಡೆದು, ಅದರ ಸದ್ದು ಆರುವ ಮೊದಲೇ ಇನ್ನೊಂದು ಹೊಡೆದ.

ಎರಡು ಗುಂಡು ಅಂದರೆ ಆ ಮನೆಯಲ್ಲಿ ಸಾವು.

ಅಯ್ಯೋ, ಬಂತು ನೋಡಿ ಜನ. ಬಿಳಿ ಬಟ್ಟೆ ಉಟ್ಟುಕೊಂಡು, ಎದೆ ಬಡಿದುಕೊಂಡು, ಗಂಡಸರು ಚಟ್ಟಕ್ಕೆ ಬಿದಿರು ಹೊತ್ತುಕೊಂಡು. ಎಲ್ಲರಿಗಿಂತ ಮುಂದೆ ಕುಟ್ಟಯ್ಯ. "ಅತ್ತಿಗೇ, ಹೋದಿರಾ, ನಮ್ಮನ್ನು ಬಿಟ್ಟು ಹೋದಿರಾ" ಅಂತ ಅಳುತ್ತಾ ಅಂಗಳ ದಾಟಿದ, ಅಳುತ್ತಾ ಹೊಸಿಲು ದಾಟಿದ, ಅಳುತ್ತಾ ನೇರ ಗೋಡೆಗೆ ಹೋಗಿ ಅಣ್ಣನ ಕೋವಿ ಇಳಿಸಿಕೊಂಡ.

ಹಿಂದೆ ತಿರುಗಿದರೆ ಅತ್ತಿಗೆ. ಮೊಣಕೈ ತನಕ ಸಗಣಿ.

"ಯಾರೋ ಹೋದದ್ದು?"

ಕುಟ್ಟಯ್ಯನ ಅಳು ತಟ್ಟನೆ ನಿಂತಿತು. ಆದರೆ ಕೋವಿ ಕೈಬಿಡಲಿಲ್ಲ. "ನಾಳಿದ್ದು ಹಬ್ಬ ತಾನೇ ಅತ್ತಿಗೆ. ಹೇಗೂ ನನ್ನದೇ ಆಗುವ ಕೋವಿ. ಎರಡು ದಿನ ಮೊದಲೇ ಹೋದರೆ ಏನು ನಷ್ಟ?" ಅಂದು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ.

ಅವತ್ತು ಬೊಳ್ಳವ್ವ ಬೈದ ಬೈಗುಳಕ್ಕೆ ಹಲಸಿನ ಮರದ ಎಲೆ ಉದುರಿತು. ಸುಳ್ಳಲ್ಲ, ಆ ಮರ ಇವತ್ತಿಗೂ ಬೋಳಾಗಿದೆ. ಬೈದು ಬೈದು ಗಂಟಲು ಒಣಗಿದ ಮೇಲೆ ಮಗನನ್ನು ಎದುರಿಗೆ ನಿಲ್ಲಿಸಿಕೊಂಡಳು. "ಇನ್ನು ನಿನ್ನ ತಲೆ ಉಪಯೋಗಿಸಬೇಡ. ಯಾರ ಮಾತೂ ಕೇಳಬೇಡ. ನನ್ನ ಬೆರಳು ನೋಡು. ಬೆರಳು ಎಲ್ಲಿ ತೋರಿಸುತ್ತದೋ ಅಲ್ಲಿಗೆ ಹೊಡಿ. ಬೆರಳು ಎತ್ತುವ ತನಕ ಕುದುರೆ ಮುಟ್ಟಬೇಡ."

"ಹೂಂ ಅವ್ವ."

ತೋಟದಾಚೆ ಬೋಳುಗುಡ್ಡಕ್ಕೆ ಕರೆದುಕೊಂಡು ಹೋದಳು. ಬೇಲಿಯ ಮೇಲಿನ ಸೋರೆಕಾಯಿ ತೋರಿಸಿದಳು. ಸೋರೆಕಾಯಿ ಚೂರು. ದೂರದ ಕಲ್ಲಿನ ಮೇಲೆ ಅಡಿಕೆಯಷ್ಟು ಬೆಣಚು ತೋರಿಸಿದಳು. ಅದೂ ಪುಡಿ. ಕೊನೆಗೆ ಸುಮ್ಮನೆ ಪರೀಕ್ಷೆಗೆ ಅಂತ ಹಾರುವ ದುಂಬಿ ತೋರಿಸಿದಳು. ದುಂಬಿಯ ಎಡ ರೆಕ್ಕೆ ಹಾರಿಹೋಯಿತು, ದುಂಬಿ ಬಲ ರೆಕ್ಕೆಯಲ್ಲೇ ಹಾರಿ ಮನೆ ಸೇರಿತು. ನಂಬದವರು ಆ ದುಂಬಿಯನ್ನೇ ಕೇಳಿ. ಬೊಳ್ಳವ್ವ ಮೊದಲ ಸಲ ಮಗನ ತಲೆ ಸವರಿದಳು. ದಡ್ಡ ಹೌದು. ಆದರೆ ಕೋವಿ ಸರಿಯಾಯಿತು, ಕೈ ಸರಿಯಾಯಿತು. ಗಂಡನ ಕೋವಿ ಗೋಡೆಗೆ ಬಂದ ಹಾಗೇ.

ಹಬ್ಬದ ದಿನ ಬಂತು. ಬಯಲಿನಲ್ಲಿ ಇಡೀ ಊರು. ಮರದ ತುದಿಯಲ್ಲಿ ಕಾಯಿ ತೂಗುತ್ತಿತ್ತು. ಎಷ್ಟೋ ಮನೆಯವರು ಹೊಡೆದರು, ತಪ್ಪಿದರು. ಮೊಣ್ಣಪ್ಪ ಕರೆದ, "ಬೊಳ್ಳವ್ವನ ಮನೆ. ಒಂದೇ ಗುಂಡು."

ಚಿಟ್ಟಿ ನಿಂತ. ರೈಫಲ್ ಹೆಗಲಿಗೆ, ಕೆನ್ನೆ ಅದರ ಹಿಡಿಗೆ. ಕಣ್ಣು ಮಾತ್ರ ಅವ್ವನ ಕಡೆ. ಬೊಳ್ಳವ್ವ ಪಕ್ಕದಲ್ಲಿ ನಿಂತು ಉಸಿರು ಎಳೆದುಕೊಂಡಳು. ಬೆರಳು ಎತ್ತಬೇಕು ಅನ್ನುವಷ್ಟರಲ್ಲಿ, ಎದುರಿನ ದಿಬ್ಬದ ಮೇಲೆ ಕುಟ್ಟಯ್ಯ. ಅಣ್ಣನ ಕೋವಿಯನ್ನು ಎರಡು ಕೈಯಲ್ಲೂ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಕುಣಿಯುತ್ತಿದ್ದಾನೆ.

"ಅತ್ತಿಗೆ, ನಿಮ್ಮ ಮಗನಿಗೆ ಕಾಯಿ ಯಾವುದು, ಕುಂಬಳ ಯಾವುದು ಅಂತ ಗೊತ್ತಾ? ನೋಡಿ, ನಿಮ್ಮ ಗೋಡೆಗಿಂತ ನನ್ನ ಕೈಯಲ್ಲೇ ಚೆಂದ ಕಾಣುತ್ತದೆ."

ಜನ ನಕ್ಕರು. ಬೊಳ್ಳವ್ವನಿಗೆ ಕಣ್ಣು ಕತ್ತಲೆ ಬಂದಷ್ಟು ಸಿಟ್ಟು. "ಕೆಳಗಿಳಿಸೋ ಅದನ್ನು. ಅದು ನನ್ನ ಗಂಡನದು" ಅಂತ ಬೆರಳು ಚಾಚಿದಳು, ನೇರ ಆ ಕೋವಿಗೆ.

ಢಂ.

ಮಗ ಗುರಿ ತಪ್ಪುವವನಲ್ಲ. ಕೋವಿ ನಡುಮಧ್ಯಕ್ಕೆ ಎರಡಾಯಿತು. ನಳಿಗೆ ಕುಟ್ಟಯ್ಯನ ಎಡಗೈಯಲ್ಲಿ, ಹಿಡಿ ಬಲಗೈಯಲ್ಲಿ. ಅವನು ಎರಡನ್ನೂ ನೋಡಿದ, ತನ್ನ ಬೆರಳು ಎಣಿಸಿಕೊಂಡ, ಹಾಗೇ ಕೂತುಬಿಟ್ಟ. ಮೇಲೆ ಕಾಯಿ ತಣ್ಣಗೆ ತೂಗುತ್ತಿತ್ತು.

"ಸರಿ ಬಿತ್ತಾ ಅವ್ವ?" ಅಂದ ಚಿಟ್ಟಿ.

ಮೊಣ್ಣಪ್ಪ ಬಹಳ ಹೊತ್ತು ಗಡ್ಡ ಕೆರೆದ. "ಕಾಯಿ ಬಿದ್ದಿಲ್ಲ. ಮಾತು ಮಾತೇ. ಕೋವಿ ಕುಟ್ಟಯ್ಯನದು. ಎರಡು ತುಂಡೂ ಅವನದೇ."

ಬೊಳ್ಳವ್ವ ಮನೆ ದಾರಿ ಹಿಡಿದಳು. ಚಿಟ್ಟಿ ರೈಫಲ್ ಹೊತ್ತುಕೊಂಡು ಹಿಂದೆ ಹಿಂದೆ. ಅರ್ಧ ದಾರಿಯಲ್ಲಿ ಅವಳು ನಿಂತಳು. "ಗಂಡನ ಕೋವಿ ಹೋಯಿತು. ಹೋಗಲಿ, ಮನೆಯಲ್ಲಿ ಇದೊಂದಾದರೂ ಉಳಿಯಿತು. ಇನ್ನು ನಾನು ಸತ್ತರೂ ನಿನಗೆ ಬುದ್ಧಿ ಹೇಳುವುದಿಲ್ಲ. ನಿನ್ನ ಮನಸ್ಸಿಗೆ ಯಾವುದು ನ್ಯಾಯ ಅನ್ನಿಸುತ್ತದೋ ಅದನ್ನು ಮಾಡಿಕೋ."

"ಹೂಂ ಅವ್ವ" ಅಂದ. ಅಲ್ಲೇ ದಾರಿಯಲ್ಲಿ ನಿಂತು ಯೋಚಿಸತೊಡಗಿದ. ಅವಳು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಹಂದಿ ಸಾರಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಮೆಣಸು ಅರೆದಳು, ಮೈದುನನನ್ನೇ ಅರೆಯುತ್ತಿರುವ ಹಾಗೆ. ಬಯಲಿನ ಕಡೆಯಿಂದ ಒಂದು ಗುಂಡಿನ ಸದ್ದು, ಅದರ ಹಿಂದೆ ಹೋ ಅಂತ ಜನರ ಕೂಗು. ಯಾವನೋ ಕಾಯಿ ಹೊಡೆದ ಅಂದುಕೊಂಡು ಇನ್ನೂ ಜೋರಾಗಿ ಅರೆದಳು.

ಸ್ವಲ್ಪ ಹೊತ್ತಿಗೆ ಚಿಟ್ಟಿ ಬಂದ. ಮುಖದ ತುಂಬ ನಗು. ಕೈಯಲ್ಲಿ ಒಡೆದ ತೆಂಗಿನಕಾಯಿ, ಎರಡು ಹೋಳು. ಹೆಗಲು ಖಾಲಿ.

"ರೈಫಲ್ ಎಲ್ಲೋ?"

"ಚಿಕ್ಕಪ್ಪನ ಕೋವಿ ನಾನು ಮುರಿದೆನಲ್ಲ ಅವ್ವ. ಮುರಿದವನು ಬೇರೆ ಕೊಡಬೇಕು, ಅದು ನ್ಯಾಯ ಅನ್ನಿಸಿತು. ನನ್ನದನ್ನು ಕೊಟ್ಟೆ. ಅವರು ನಂಬಲಿಲ್ಲ, ಇದು ಗುರಿ ಹಿಡಿಯುತ್ತದಾ ಅಂತ ಕೇಳಿದರು. ಮರದ ಮೇಲೆ ಕಾಯಿ ಇನ್ನೂ ಇತ್ತು. ಹೊಡೆದು ತೋರಿಸಿ ಕೊಟ್ಟೆ. ಈಗ ಅವರಿಗೆ ಬಹಳ ಸಂತೋಷ."

ಬೊಳ್ಳವ್ವನ ಕೈ ಅರೆಯುವ ಕಲ್ಲಿನ ಮೇಲೇ ನಿಂತಿತು.

"ಕಾಯಿ ಮಾತ್ರ ಕೊಡಲಿಲ್ಲ ಅವ್ವ" ಅಂದ ಚಿಟ್ಟಿಯಪ್ಪ, ಎರಡು ಹೋಳನ್ನೂ ಅವಳ ಎದುರು ಇಡುತ್ತಾ. "ಕೇಳಿದರು. ಇದು ನಮ್ಮ ಮನೆಯದು ಅಂದೆ."