ನೀಲಾಜಮ್ಮಣ್ಣಿಯ ಗಾಜಿನ ತೊಟ್ಟಿ

"ಕೇಳ್ರಪ್ಪೋ ಕೇಳಿ. ರಾಜಕುಮಾರಿ ನೀಲಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನೇ ಅರಮನೆಯ ಅಳಿಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ."

ಹೀಗಂತ ಹೊನ್ನಾಪುರದ ಬೀದಿ ಬೀದಿಯಲ್ಲಿ ಡಂಗುರ ಹೊಡೆದರು. ಒಳಗಿನ ಸಂಗತಿ ಡಂಗುರದವನು ಹೇಳಲಿಲ್ಲ, ಹೇಳಿದ್ದರೆ ಅವನ ತಲೆಯೂ ಅಲ್ಲೇ ನೇತಾಡುತ್ತಿತ್ತು. ಸಂಗತಿ ಇದು. ಹಡಗಿನ ವರ್ತಕನೊಬ್ಬ ರಾಜಕುಮಾರಿಗೆ ಗಾಜಿನ ತೊಟ್ಟಿಯೊಂದನ್ನು ಕಾಣಿಕೆ ಕೊಟ್ಟಿದ್ದ. ಅವಳು ಅದರೊಳಗೆ ಮರಳು ಹಾಸಿ, ನೀರುಗಿಡ ನೆಟ್ಟು, ಪುಟಾಣಿ ಮೀನು, ಸೀಗಡಿ ಬಿಟ್ಟುಕೊಂಡು, ಹೊತ್ತುಮೂಡಿದಾಗಿಂದ ಮುಳುಗುವವರೆಗೆ ಅದರ ಮುಂದೆಯೇ ಕೂತಿರುತ್ತಿದ್ದಳು. ನೋಡಲು ಬಂದ ಗಂಡುಗಳ ಜೊತೆ ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತಿದ್ದಳಂತೆ. ಮದುವೆಯಾದರೆ ತೊಟ್ಟಿ ಅರ್ಥವಾಗುವವನನ್ನೇ ಅಂತ ಹಟ. ತಲೆಯ ಶರತ್ತು ಅವಳಪ್ಪ ಭೂಪಾಲರಾಯರದು, ಬರೀ ಹೋಳಿಗೆ ತಿಂದು ಹೋಗಲು ಬರುವವರ ಕಾಟ ತಪ್ಪಲಿ ಅಂತ.

ಆದರೂ ಬಂದರು. ಮೊದಲು ಬಂದವನು ಮೀಸೆಗೆ ಎಣ್ಣೆ ಹಚ್ಚಿದ ಪಕ್ಕದ ದೇಶದ ಯುವರಾಜ. ಕೊರಳಲ್ಲಿದ್ದ ಸರ ಅವನ ಭಾವನದು, ಅದು ಎಲ್ಲರಿಗೂ ಗೊತ್ತಿತ್ತು. ರಾಜಕುಮಾರಿ ಸಭೆಯಲ್ಲೂ ತೊಟ್ಟಿಯ ಮುಂದೆಯೇ ಕೂತು ಕೇಳಿದಳು: "ಬೆಳಗ್ಗೆ ಒಬ್ಬ ಸತ್ತು ಬಿದ್ದಿದ್ದ. ಕಣ್ಣು, ಮೀಸೆ, ಕಾಲು ಎಲ್ಲ ಇತ್ತು, ಒಳಗೆ ಮಾತ್ರ ಯಾರೂ ಇರಲಿಲ್ಲ. ಸಂಜೆಗೆ ಅವನೇ ನಡೆದು ಬಂದು ತನ್ನ ಹೆಣವನ್ನು ತಾನೇ ತಿಂದ. ಯಾರವನು?"

"ಪಿಶಾಚಿ," ಅಂದ ಯುವರಾಜ.

ತಲೆ ತೆಗೆಯುವ ದಿನ ಬರಲಿ ಅಂತ ಎಳೆದುಕೊಂಡು ಹೋಗಿ ಸೆರೆಗೆ ಹಾಕಿದರು. ಎರಡನೆಯವನು ದೊಡ್ಡ ವ್ಯಾಪಾರಿಯ ಮಗ. ಬಹಳ ಯೋಚಿಸಿ, "ಜಿಪುಣ" ಅಂದ. ಅವರಪ್ಪನನ್ನು ಬಲ್ಲವರು ತುಟಿ ಕಚ್ಚಿಕೊಂಡರು. ಅವನೂ ಸೆರೆಗೆ ಹೋದ.

ಆಗ ಬಾಗಿಲ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ನಕ್ಕವನು ತೊಟ್ಟಿಗೆ ಹಾಕಲು ಮಡಕೆಯಲ್ಲಿ ಹೊಸ ಸೀಗಡಿ ತಂದಿದ್ದ ಜವರ. ಕೆರೆಯ ಕೆಳಗಿನ ಚೌಡವ್ವನ ಒಬ್ಬನೇ ಮಗ, ಊರಿಗೇ ಗೊತ್ತಿದ್ದ ಸೋಮಾರಿ. ಹಿತ್ತಲಿನ ನೀರಿನ ಕಲ್ಲುಬಾನಿಯನ್ನು ಹುಟ್ಟಿದಾಗಿನಿಂದ ತೊಳೆದವನಲ್ಲ. "ಅದರಲ್ಲಿ ಮೀನು ಸಂಸಾರ ಹೂಡಿವೆ ಕಣ್ರೇ," ಅಂತ ಚೌಡವ್ವ ನೀರಿಗೆ ಹೋದಲ್ಲೆಲ್ಲ ಗೋಳು ಹೇಳಿಕೊಳ್ಳುತ್ತಿದ್ದಳು.

ಸಭೆಯಲ್ಲಿ ನಕ್ಕವನು ಉತ್ತರ ಹೇಳಲೇಬೇಕು, ಇಲ್ಲವೇ ತಲೆ ಕೊಡಬೇಕು ಅಂದರು ರಾಯರು.

"ಅದು ಸೀಗಡಿ, ಬುದ್ಧಿ. ಮೈ ಬೆಳೆದು ಅಂಗಿ ಬಿಗಿಯಾದರೆ ಪೂರ್ತಿ ಕಳಚಿ ಹಾಕತ್ತೆ. ನೋಡಿದವರು ಸತ್ತಿದೆ ಅಂದ್ಕೋಬೇಕು. ಆಮೇಲೆ ಆ ಅಂಗೀನೇ ತಿನ್ನತ್ತೆ. ಬಾನಿ ಪಕ್ಕ ಮಲಗಿ ನೋಡಿದೀನಿ ಬುದ್ಧಿ, ಬೇರೆ ಕೆಲಸ ಇರಲಿಲ್ಲ."

ರಾಜಕುಮಾರಿ ಅಂದು ಮೊದಲ ಸಲ ಗಂಡಸಿನ ಕಡೆ ಮುಖ ತಿರುಗಿಸಿದಳು. ಸಖಿಯರೆಲ್ಲ ನೋಡಿದರು.

"ಬಿಸಿಲು ಬಿದ್ದರೆ ಮೈತುಂಬ ಮುತ್ತು. ಒಂದೊಂದನ್ನೂ ಮೇಲಕ್ಕೆ ಬಿಟ್ಟು ಕಳೆಯುತ್ತಾಳೆ. ಹೊತ್ತು ಮುಳುಗಿದರೆ ಬರಿಮೈ ಬಡವಿ. ಯಾರವಳು?"

"ನೀರುಗಿಡ, ತಾಯಿ. ಬಿಸಿಲಿಗೆ ಎಲೆಯೆಲ್ಲ ಗುಳ್ಳೆ ಕಟ್ಟತ್ತೆ. ಮೀನಿಗೆ ಉಸಿರು ಅದು."

ಮೂರನೆಯದು ಕೇಳುವಾಗ ಅವಳ ದನಿ ಸಣ್ಣದಾಯಿತು. "ನನ್ನ ಮೀನು ವಾರ ತುಂಬುವುದರೊಳಗೆ ಸಾಯುತ್ತವೆ. ವಿಷ ಹಾಕಿಲ್ಲ, ಬೆಕ್ಕು ಮುಟ್ಟಿಲ್ಲ, ಉಪವಾಸ ಕೆಡವಿಲ್ಲ. ಕೊಲ್ಲುತ್ತಿರುವುದು ಯಾರು? ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ."

ಸಭೆ ಗುಸುಗುಸು ಅಂದಿತು. ಉತ್ತರ ಗೊತ್ತಿಲ್ಲದ ಒಗಟಿಗೆ ತಲೆ ಪಣ ಇಟ್ಟಿದ್ದಳಲ್ಲ ಮಹಾರಾಯಿತಿ.

ಜವರ ತೊಟ್ಟಿಯ ಗಾಜಿನ ಮೇಲೆ ಬೆರಳಾಡಿಸಿದ. ಕಿರ್ ಅಂತ ಸದ್ದಾಯಿತು. "ಇದನ್ನ ದಿನಾ ಉಜ್ಜೋರು ಯಾರು?"

ಎಲ್ಲರ ಕಣ್ಣೂ ರಾಯರ ಅಕ್ಕ ಪುಟ್ಟಮ್ಮಣ್ಣಿಯ ಕಡೆ ಹೋಯಿತು. ಸೌದೆಯನ್ನೂ ತೊಳೆಸಿ ಒಲೆಗೆ ಹಾಕಿಸುವಷ್ಟು ಮಡಿ ಆಕೆಯದು. ಮೀನನ್ನು ಚೊಂಬಿಗೆ ತೆಗೆಸಿ, ತೊಟ್ಟಿಗೆ, ಮರಳಿಗೆ, ಕಲ್ಲಿಗೆ ದಿನವೂ ಹುಣಸೆ, ಬೂದಿ ಹಾಕಿ ಉಜ್ಜಿಸುತ್ತಿದ್ದಳು.

"ಆ ಚೊಕ್ಕಟವೇ ಕೊಲ್ಲೋದು," ಅಂದ ಜವರ. "ಕಲ್ಲಿನ ಮೇಲೆ ಕೂರುತ್ತಲ್ಲ ಲೋಳೆ, ಮೀನಿನ ಹೊಲಸನ್ನ ಅದೇ ತಿಂದು ನೀರು ಕಾಯತ್ತೆ. ನೀವು ದಿನಾ ಕಾವಲುಗಾರನ್ನೇ ಉಜ್ಜಿ ಬಿಸಾಕ್ತೀರಿ."

"ಅರಮನೇಲಿ ಲೋಳೆ ಇಟ್ಕೋ ಅಂತಾನೆ, ಕೊಳಕ," ಅಂದಳು ಪುಟ್ಟಮ್ಮಣ್ಣಿ.

ರಾಯರು ತೀರ್ಪು ಕೊಟ್ಟರು. ಹುಣ್ಣಿಮೆವರೆಗೆ ತೊಟ್ಟಿ ಜವರನ ವಶ. ಮೀನು ಉಳಿದರೆ ಅವನ ತಲೆಯೂ ಉಳಿಯುತ್ತದೆ.

ಜವರ ಮನೆಯ ಬಾನಿಯಿಂದ ಲೋಳೆ ಹಿಡಿದ ಕಲ್ಲು, ಗಿಡ, ಮೀನು ತಂದು ತೊಟ್ಟಿಗೆ ಹಾಕಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ. ಅವನಿಗೆ ಬರುತ್ತಿದ್ದ ಕೆಲಸವೇ ಅದು. ರಾಜಕುಮಾರಿ ದಿನವೂ ಬಂದು ಎದುರಿಗೆ ಕೂರುತ್ತಿದ್ದಳು. ನೋಡುತ್ತಿದ್ದುದು ಮೀನನ್ನೋ ಮತ್ತೇನನ್ನೋ, ಸಖಿಯರನ್ನೇ ಕೇಳಬೇಕು. ಚೌಡವ್ವ ಮಾತ್ರ ಕೋಟೆ ಬಾಗಿಲಲ್ಲಿ ಕೂತು, ಒಳಗೆ ಹೋಗಿಬಂದವರನ್ನೆಲ್ಲ, "ಮೀನು ಈಜ್ತಿದೆಯಾ ಅಪ್ಪಾ?" ಅಂತ ಕೇಳುತ್ತಿದ್ದಳು.

ಹುಣ್ಣಿಮೆಯ ಮಧ್ಯಾಹ್ನ ಜವರ ಉಂಡು ಗೊರಕೆ ಹೊಡೆಯುತ್ತಿದ್ದ. ರಾಜಕುಮಾರಿ ಬಾಗಿಲು ತೆಗೆದರೆ ಅತ್ತೆ ಪುಟ್ಟಮ್ಮಣ್ಣಿ ಸೀರೆ ಎತ್ತಿ ಕಟ್ಟಿ, ಬೂದಿ ಬಟ್ಟಲು ಪಕ್ಕದಲ್ಲಿಟ್ಟು, ಮೊಣಕೈವರೆಗೆ ತೊಟ್ಟಿಯೊಳಗೆ ಕೈ ಇಳಿಸಿದ್ದಾಳೆ.

"ಅತ್ತೆ, ಅವನ ತಲೆ ಹೋಗುತ್ತೆ."

"ಹೋಗಲ್ಲ ಬಿಡೆ. ಸಂಜೆ ನೆಂಟರು ಬರ್ತಾರೆ, ಈ ಹಸಿರು ನೋಡಿದರೆ ಏನಂತಾರೆ? ಒಂದೇ ಒಂದು ಕಲ್ಲು..." ಅಂತ ಕಲ್ಲಿಗೆ ಕೈ ಹಾಕಿದಳು. ಕಲ್ಲಿನ ಹಿಂದಿನಿಂದ ಏನೋ ಹೊರಟವು. "ಇದೇನೇ ಇದು, ಬರೀ ಕಣ್ಣುಗಳು ಈಜ್ತಿವೆ?"

ಮೀನಿನ ಮರಿಗಳು. ಸಾಸಿವೆ ಚೆಲ್ಲಿದ ಹಾಗೆ.

ಮಡಿ, ಮೈಲಿಗೆ ಎಲ್ಲ ಮರೆತು ಗಾಜಿಗೆ ಮೂಗು ಒತ್ತಿಕೊಂಡು ಕೂತಳು ಪುಟ್ಟಮ್ಮಣ್ಣಿ. ಆಮೇಲೆ ಬೂದಿ ಬಟ್ಟಲನ್ನು ಕಿಟಕಿಯಿಂದ ಹೊರಗೆ ಬಿಸಾಡಿದಳು. ಅದು ಕೆಳಗೆ ನಿಂತಿದ್ದ ಮಂತ್ರಿಯ ತಲೆ ಮೇಲೆ ಬಿತ್ತು ಅಂತಲೂ ಹೇಳುತ್ತಾರೆ.

ಸಂಜೆ ಸಭೆಯಲ್ಲಿ ಮೂರೂ ಉತ್ತರ ಸರಿ ಅಂದರು ರಾಯರು. ಸೆರೆಯಲ್ಲಿದ್ದವರನ್ನು ಬಿಡಿ ಅಂತ ಜವರ ಕೇಳಿಕೊಂಡ, ಬಿಟ್ಟರು. ಯುವರಾಜ ಮೊದಲು ವಿಚಾರಿಸಿದ್ದು ಭಾವನ ಸರವನ್ನು. ಮದುವೆ ಜೋರಾಗಿ ನಡೆಯಿತು. ಚೌಡವ್ವ ಬೀಗರ ಸಾಲಿನಲ್ಲಿ ಕೂತು, "ನಾನೇ ಅವನಿಗೆ ಬಾನಿ ತೊಳೆಯಬೇಡ ಅಂತಿದ್ದೆ," ಅಂದಳು. ಹೆಂಗಸರೆಲ್ಲ ನಕ್ಕರು.

ಈಗ ಅರಮನೆಯ ಕಂಬ, ಕಂಚು ಎಲ್ಲ ಫಳಫಳ, ಆ ತೊಟ್ಟಿಯನ್ನು ಮಾತ್ರ ಯಾರೂ ಉಜ್ಜುವ ಹಾಗಿಲ್ಲ. ಬೂದಿ ಹಿಡಿದು ಯಾರಾದರೂ ಹತ್ತಿರ ಬಂದರೆ ಓಡಿಸುವುದು ಪುಟ್ಟಮ್ಮಣ್ಣಿಯೇ. ಅಳಿಯರು ಪಕ್ಕದಲ್ಲಿ ಮಲಗಿಯೇ ಇರುತ್ತಾರೆ. ರಾಜಕುಮಾರಿ ಬೆಳಗಾದರೆ ಬಂದು, "ತೊಟ್ಟಿ ತೊಳೆಯಬಾರದು, ಒಪ್ಪಿದೆ. ಮುಖ ತೊಳೆದರೆ ಯಾವ ಮೀನು ಸಾಯತ್ತೆ, ಏಳ್ರೀ," ಅನ್ನುತ್ತಾಳಂತೆ.