ಜೋಳಿಗೆಗೆ ಬಿದ್ದ ಒಣ ಗೊಂಚಲು

ಹೊಳೆದಾಸವಾಳ... ಅಲ್ಲ, ಅದು ದೊಡ್ಡ ಮರ. ಅನಘಾ, ಹೆಸರು ಬರೆದುಕೊಳ್ಳಬೇಕೆಂದು ನೀನು ತೋರಿಸಿದ ಈ ಗಿಡ ಅದರ ಕುಲದ್ದೇ, ಸೊಂಟದೆತ್ತರದ ಪೊದೆ. ಮುದುರಿದ ರೇಷ್ಮೆಯಂತಹ ಕೆಂಪು ಹೂಗೊಂಚಲು. ನಮ್ಮೂರಲ್ಲಿ ಅದಕ್ಕೊಂದು ಹೆಸರಿತ್ತು, ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಇರಲಿ.

ಪೂಜ್ಯ ಗುರಲಿಂಗಜ್ಜನವರು ಕೆಂಚಿಗೇರಿಯ ಗುಡ್ಡದ ಬುಡದಲ್ಲಿ, ಮಣ್ಣಿನ ಮಠದಲ್ಲಿ ಇರುತ್ತಿದ್ದರು. ಸೋಮವಾರ ಜೋಳಿಗೆ ಹಿಡಿದು ನಮ್ಮ ಓಣಿಗೆ ದಯಮಾಡಿಸುವರು. ಕೊಟ್ಟದ್ದನ್ನು ಸ್ವೀಕರಿಸುವರೇ ಹೊರತು ಇಂಥದೇ ಬೇಕೆಂದು ಯಾರ ಬಾಗಿಲಲ್ಲೂ ಕೇಳಿದವರಲ್ಲ.

ನನ್ನ ಸೋದರತ್ತೆ ಸಾತವ್ವ ಮಗಳು ಹುಟ್ಟಿದಾಗ ಆ ಗಿಡವನ್ನು ಅಂಗಳದಲ್ಲಿ ನೆಟ್ಟಿದ್ದಳು. ಗಿಡ ಮೈತುಂಬ ಹೂಬಿಟ್ಟ ಶ್ರಾವಣದಲ್ಲೇ ಮಗು ಜ್ವರ ಬಂದು ತೀರಿಕೊಂಡಿತು. ಆಮೇಲೆ ಮಗುವಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಹೂ ಹೋಗಿ ಕಾಯಾಗಿ ಒಣಗಿದವು. ಕತ್ತರಿಸಿದರೆ ಚಿಗುರು ಜೋರಾಗಿ ಬರುತ್ತದೆ ಎಂದ ಮಾವನಿಗೆ ಅತ್ತೆ, "ನನ್ನ ಕೂಸು ಮುಟ್ಟಿದ ಹೂವು ಇವು. ಕತ್ತರಿ ತಂದ್ರ ಮೊದಲು ನಿಮ್ಮ ಮೀಸಿ ಕತ್ತರಸ್ತೀನಿ" ಅಂದಿದ್ದಳು.

ಚಳಿಗಾಲದ ಒಂದು ಸೋಮವಾರ ಅಜ್ಜನವರು ಬಾಗಿಲಿಗೆ ಬಂದರು.

"ನಿಮ್ಮ ದೇವ್ರು ನನ್ನ ಉಡಿ ಬರಿದು ಮಾಡ್ಯಾನ. ನೀಡಾಕ ಏನೂ ಇಲ್ರಿ, ಮುಂದ ಹೋಗ್ರಿ," ಅಂದಳು ಅತ್ತೆ.

ನಾನು ಕಟ್ಟೆಯ ಮೇಲೆ ಕೂತಿದ್ದೆ. ಜಂಗಮರನ್ನು ಹಾಗೆ ಕಳಿಸಿದವರನ್ನು ನಾನು ಕಂಡಿರಲಿಲ್ಲ. ಅಜ್ಜನವರು ಗಿಡದತ್ತ ನೋಡಿದರು.

"ಅದನ್ನ ನೀಡವ್ವ."

"ಒಣಗ್ಯಾವ್ರಿ ಅಜ್ಜಾರ."

"ನನ್ನ ಜೋಳಿಗೀಗೆ ಹಸಿ, ಒಣ ಗೊತ್ತಾಗೂದಿಲ್ಲ."

ಅಜ್ಜನವರು ಜೋಳಿಗೆ ಒಡ್ಡಿಕೊಂಡು ನಿಂತೇ ಇದ್ದರು. ಕಡೆಗೆ ಅತ್ತೆಯೇ ಗೊಂಚಲುಗಳನ್ನು ಮುರಿಮುರಿದು ಹಾಕಿದಳು. ಕೊನೆಯದನ್ನು ಹಾಕುವಾಗ ಅತ್ತಳು. ಮಗು ಹೋದಂದಿನಿಂದ ಅತ್ತಿರಲಿಲ್ಲ.

ಬೇಸಿಗೆಯಲ್ಲಿ ಅವಳ ಗಿಡ ಹೊಸ ಚಿಗುರಿಗೆ ಕೆಂಪಾಯಿತು. ಮಳೆ ಹಿಡಿದ ಮೇಲೆ ಮಠಕ್ಕೆ ಹೋದಾಗ ನೋಡುತ್ತಾಳೆ, ಅಂಗಳದ ಪಾತಿಯಲ್ಲಿ ಗೇಣುದ್ದದ ಸಸಿಗಳು! ಆ ಒಣಕಾಯಿಗಳ ಬೀಜವನ್ನು ಅಜ್ಜನವರು ತಮ್ಮ ಕೈಯಾರೆ ಬಿತ್ತಿದ್ದರು.

"ಮಕ್ಕಳು ನಿನ್ನ ದಾರಿ ಕಾಯಾಕತ್ತಾವು. ನೀರು ಹಾಕವ್ವ," ಎಂದಷ್ಟೇ ಅಪ್ಪಣೆಯಾಯಿತು. ಅತ್ತೆ ಕೊಡ ಎತ್ತಿಕೊಂಡಳು.

ಅಲ್ಲಿಂದ ಮುಂದೆ ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಒಂದು ಸಸಿ ಹಿಡಿದು ಹೋಗುವವಳು ಅವಳೇ. "ಬಿಸಿಲಾಗ ನೆಡ್ರಿ, ನೆರಳಾಗ ಇಟ್ಟು ಹೂ ಇಲ್ಲಂತ ನನ್ನ ಬೈಬ್ಯಾಡ್ರಿ. ಇದು ನಮ್ಮ ಗಿರಿಜಿ ಗಿಡ" ಅನ್ನುವಳು. ಮಗಳ ಹೆಸರು ಅವಳ ಬಾಯಿಗೆ ಮರಳಿ ಬಂದದ್ದು ಹಾಗೆ.

ಗಿರಿಜಿ ಗಿಡ! ಅದೇ ಹೆಸರು. ಅನಘಾ, ಇಲ್ಲಿ ನಾಗಪುರದ ನರ್ಸರಿಯವರು ಬೇರೆ ಏನೋ ಅನ್ನುತ್ತಾರೆ. ನೀನು ಇದನ್ನೇ ಬರೆದುಕೋ ಮಗಳೇ.